ಎದುರಿನ ಸಂಗೀತ, ಸುತ್ತಲಿನ ಸಂಗೀತ

ಆಂಬಿಯೆಂಟ್ ಪಾಪ್ ಎಂದು ಕರೆಯುವ ಸಂಗೀತದಲ್ಲಿ ಹಾಡಿಗೆ ಎಷ್ಟು ತೂಕವೋ, ಆ ಹಾಡು ನಡೆಯುವ ಜಾಗಕ್ಕೂ ಅಷ್ಟೇ ತೂಕ. ಪಲ್ಲವಿ, ಚರಣ, ತಾಳ ಎಲ್ಲವೂ ಇರುತ್ತವೆ. ಅವುಗಳ ಹಿಂದೆ ನಿಧಾನವಾಗಿ ಏರಿ ಇಳಿಯುವ ಸಿಂಥಸೈಜರಿನ ಸ್ವರಗಳು, ದೂರದಲ್ಲೆಲ್ಲೋ ಕರಗುವ ಗಿಟಾರಿನ ಮಾರ್ದನಿ, ಮಳೆಯದೋ ಗಾಳಿಯದೋ ಸಂತೆಯದೋ ಆದ ಸದ್ದು ಸೇರಿ ಒಂದು ವಾತಾವರಣವನ್ನು ಕಟ್ಟುತ್ತವೆ. ಅದನ್ನು ತೆಗೆದುಹಾಕಿದರೆ ಹಾಡು ಉಳಿದೀತು, ಕೃತಿ ಉಳಿಯದು. ಇಂಥ ಆಲ್ಬಮನ್ನು ಎರಡು ಸ್ಪೀಕರುಗಳಲ್ಲಿ ಕೇಳುವವರಿಗೆ ಆ ಜಾಗ ಎದುರಿನ ಗೋಡೆಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಸುತ್ತಲೂ ಐದೋ ಏಳೋ ಸ್ಪೀಕರುಗಳನ್ನಿಟ್ಟು, ತಲೆಯ ಮೇಲೂ ಒಂದೆರಡು ಜೋಡಿ ಹಾಕಿ ಕೇಳುವವರು ಆ ಜಾಗದ ಒಳಗೆ ಕೂತಿರುತ್ತಾರೆ.

ಈ ವ್ಯತ್ಯಾಸ ಸಂಗೀತಕ್ಕೆ ಸೇರಿದ್ದೋ, ಯಂತ್ರಕ್ಕೆ ಸೇರಿದ್ದೋ? ಸಂಗೀತವನ್ನು ಎದುರಿಟ್ಟುಕೊಂಡು ಕೇಳುವುದೇ ಸಹಜ, ಸುತ್ತಲಿಂದ ಕೇಳಿಸುವುದು ಸಿನಿಮಾದವರ ಚಮತ್ಕಾರ ಎಂಬ ನಂಬಿಕೆ ಸಂಗೀತ ಬಲ್ಲವರಲ್ಲೂ ಇದೆ. ಅದನ್ನು ಒರೆಗೆ ಹಚ್ಚಲು ದೊಡ್ಡ ನಗರಗಳ ಸ್ಟುಡಿಯೋಗಳಷ್ಟೇ ನೆರವನ್ನು ತುಮಕೂರು ಜಿಲ್ಲೆಯ ಉತ್ತರದ ತಾಲ್ಲೂಕುಗಳೂ ಕೊಡುತ್ತವೆ. ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡದ ಸೀಮೆಯಲ್ಲಿ ಸಂಗೀತವನ್ನು ಜನ ಬಹುಕಾಲ ಕೇಳಿದ್ದು ಸುತ್ತಲಿಂದಲೇ. ಎದುರಿಗೆ ಕೂತು ಕೇಳುವುದು ಅಲ್ಲಿಗೆ ಆಮೇಲೆ ಬಂದ ಪದ್ಧತಿ.

ಮೊದಲು ಕಿವಿಯ ವಿಚಾರ. ಬಲಗಡೆ ಹುಟ್ಟಿದ ಧ್ವನಿ ಬಲಗಿವಿಯನ್ನು ಮೊದಲು ಮುಟ್ಟುತ್ತದೆ, ಎಡಗಿವಿಯನ್ನು ಕೊಂಚ ತಡವಾಗಿ. ಈ ತಡ ಹೆಚ್ಚೆಂದರೆ ಸುಮಾರು 0.7 ಮಿಲಿಸೆಕೆಂಡ್. ತಲೆ ಅಡ್ಡ ಬರುವುದರಿಂದ ಆಚೆ ಕಿವಿಯಲ್ಲಿ ಮೇಲಿನ ಸ್ಥಾಯಿಯ ಸ್ವರಗಳ ಬಲ ತಗ್ಗುತ್ತದೆ. ಕಿವಿಯ ಹಾಲೆಯ ಮಡಿಕೆಗಳು ಮುಂದಿನಿಂದ, ಹಿಂದಿನಿಂದ, ಮೇಲಿನಿಂದ ಬರುವ ಧ್ವನಿಗಳಿಗೆ ಬೇರೆ ಬೇರೆ ಬಣ್ಣ ಹಚ್ಚುತ್ತವೆ. ಈ ಮೂರನ್ನೂ ಕೂಡಿಸಿ ಮಿದುಳು ದಿಕ್ಕನ್ನು ಗುರುತಿಸುತ್ತದೆ. ನೇರ ಎದುರಿನಲ್ಲಿ ಈ ಗುರುತು ಬಲು ನಿಖರ. ಧ್ವನಿಯ ನೆಲೆ ಒಂದೆರಡು ಡಿಗ್ರಿ ಸರಿದರೂ ತಿಳಿಯುತ್ತದೆ. ಪಕ್ಕಕ್ಕೆ ಹೋದಂತೆ ಅದು ಮಸುಕಾಗುತ್ತದೆ, ಬೆನ್ನ ಹಿಂದೆ ಮುಂದು ಹಿಂದುಗಳೇ ಅದಲುಬದಲಾಗುವುದೂ ಉಂಟು. ಹಿಂದೆ ಸದ್ದಾದಾಗ ಕತ್ತು ತಾನಾಗಿ ತಿರುಗುವುದು ಇದೇ ಕಾರಣಕ್ಕೆ: ತಿರುಗಿದರೆ ಧ್ವನಿ ನಿಖರವಾದ ಜಾಗಕ್ಕೆ ಬರುತ್ತದೆ.

ಇದರಿಂದ ಸಂಗೀತಕ್ಕೆ ಒಂದು ಮುಖ್ಯವಾದ ಸೂತ್ರ ಸಿಗುತ್ತದೆ. ಗಮನವಿಟ್ಟು ಹಿಡಿಯಬೇಕಾದ ದನಿ, ಸ್ಪಷ್ಟವಾಗಿ ಕೇಳಬೇಕಾದ ಸಾಹಿತ್ಯ, ಕುಣಿಕೆ ಕುಣಿಕೆಯಾಗಿ ಬಿಚ್ಚಿಕೊಳ್ಳುವ ರಾಗ ಇವೆಲ್ಲ ಎದುರಿನಲ್ಲಿ ಸುಖವಾಗಿರುತ್ತವೆ. ಹಬ್ಬುವ ಶ್ರುತಿ, ಅನುರಣನ, ಮಳೆ, ಗಾಳಿ, ಜನರ ಗುಜುಗುಜು ಇವು ಸುತ್ತಲೂ ಸುಖವಾಗಿರುತ್ತವೆ. ಬೆನ್ನ ಹಿಂದಿನಿಂದ ಒಂದು ಗಿಟಾರು ಥಟ್ಟನೆ ನುಡಿದರೆ ಕೇಳುಗರ ಕತ್ತು ತಿರುಗಲು ಹವಣಿಸುತ್ತದೆ, ಕೇಳುವ ನೆಮ್ಮದಿ ಕೆಡುತ್ತದೆ. ಸರೌಂಡ್ ಮಿಶ್ರಣಗಳಲ್ಲಿ, ಅಂದರೆ ಸುತ್ತಲಿನ ಸ್ಪೀಕರುಗಳಿಗೆ ಧ್ವನಿಯನ್ನು ಹಂಚಿ ಮಾಡಿದ ಮುದ್ರಣಗಳಲ್ಲಿ, ಸೋತವುಗಳ ಪೈಕಿ ಬಹಳಷ್ಟು ಸೋತದ್ದು ಈ ಸೂತ್ರವನ್ನು ಮರೆತದ್ದರಿಂದ.

ಜಾಗ ಎಂಬುದು ಕಿವಿಗೆ ತಿಳಿಯುವುದು ಮಾರ್ದನಿಗಳ ಮೂಲಕ. 20 ಡಿಗ್ರಿ ಸೆಲ್ಸಿಯಸ್ ಗಾಳಿಯಲ್ಲಿ ಧ್ವನಿ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಹತ್ತಿರದ ಗೋಡೆಗೆ ಬಡಿದು ಮರಳಿದ ಧ್ವನಿ ಮೂಲ ಧ್ವನಿಯ ಬೆನ್ನಿಗೇ ಬರುವುದರಿಂದ ಕಿವಿ ಎರಡನ್ನೂ ಒಂದೇ ಎಂದು ಬಗೆದು, ಮೊದಲು ಬಂದದ್ದರ ದಿಕ್ಕನ್ನೇ ನಂಬುತ್ತದೆ. ಇದನ್ನು ಹೆಲ್ಮುಟ್ ಹಾಸ್ ಎಂಬ ಜರ್ಮನ್ ವಿಜ್ಞಾನಿ 1949ರಲ್ಲಿ ಪ್ರಯೋಗದಿಂದ ತೋರಿಸಿದರು. ಹದಿನೇಳು ಮೀಟರಿಗಿಂತ ಆಚೆ ಬಂಡೆಯೋ ಗೋಡೆಯೋ ಇದ್ದರೆ ಮರಳಿದ ಧ್ವನಿ ಬೇರೆಯಾಗಿಯೇ ಕೇಳಿಸುತ್ತದೆ, ಅದು ಪ್ರತಿಧ್ವನಿ. ಈ ಎರಡರ ನಡುವಿನ ಸಾವಿರಾರು ಸಣ್ಣ ಮರಳಿಕೆಗಳು ಎಲ್ಲ ದಿಕ್ಕಿನಿಂದ ಕಿವಿಗೆ ಬಂದು, ಇದು ಕೋಣೆ, ಇದು ಮಂಟಪ, ಇದು ಬಯಲು ಎಂದು ತಿಳಿಸುತ್ತವೆ. ಅವು ಎಲ್ಲ ದಿಕ್ಕಿನಿಂದ ಬರಬೇಕಾದವು ಎಂಬುದೇ ಇಲ್ಲಿ ಮುಖ್ಯ. ಎರಡು ಸ್ಪೀಕರುಗಳು ಅವುಗಳನ್ನೆಲ್ಲ ಎದುರಿನ ಒಂದು ಕಿರಿದಾದ ಪಟ್ಟಿಯೊಳಗೆ ತುರುಕುತ್ತವೆ.

ಮಧುಗಿರಿ ತಾಲ್ಲೂಕಿನಲ್ಲಿ ಈ ಮಾತನ್ನು ಯಂತ್ರವಿಲ್ಲದೆ ಪರೀಕ್ಷಿಸಬಹುದು. ಊರಿನ ನೆತ್ತಿಯ ಮೇಲೆ ಸಮುದ್ರಮಟ್ಟದಿಂದ ಸುಮಾರು 3,900 ಅಡಿ ಎತ್ತರಕ್ಕೆ ಏಳುವ ಏಕಶಿಲಾ ಬೆಟ್ಟ ಬರಿಯ ಕಲ್ಲು, ಧ್ವನಿಯನ್ನು ಹೀರದೆ ಹಿಂದಿರುಗಿಸುವ ಮೈ. ಅದರ ಮಗ್ಗುಲಲ್ಲಿ ಬಾರಿಸಿದ ತಮಟೆಗೆ ಎರಡು ನೆಲೆಗಳಿರುತ್ತವೆ, ಒಂದು ಬಾರಿಸುವವನ ಕೈ, ಇನ್ನೊಂದು ಬಂಡೆ. ಅದೇ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲು ಇದಕ್ಕೆ ತೀರ ಬೇರೆ. 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಎಂದು ಘೋಷಿತವಾದ 798 ಎಕರೆಯ ಆ ಬಯಲಿನಲ್ಲಿ ಧ್ವನಿಯನ್ನು ತಡೆದು ಮರಳಿಸುವಂಥದ್ದು ಕಡಿಮೆ. ನುಡಿದದ್ದು ಹೋಗಿಬಿಡುತ್ತದೆ, ಹುಲ್ಲಿನ ಮೇಲೆ ಗಾಳಿ ಹಾಯುವ ಸದ್ದು ಮಾತ್ರ ಸುತ್ತಲೂ ಇರುತ್ತದೆ. ಒಂದೇ ವಾದ್ಯವನ್ನು ಈ ಎರಡೂ ಕಡೆ ನುಡಿಸಿದರೆ ಎರಡು ಬೇರೆ ಸಂಗೀತವಾಗುತ್ತದೆ. ಆಂಬಿಯೆಂಟ್ ಸಂಗೀತಗಾರರು ಸ್ಟುಡಿಯೋದಲ್ಲಿ ಅನುರಣನದ ಯಂತ್ರಗಳಿಂದ ಮಾಡುವುದು ಇದನ್ನೇ: ಮೊದಲು ಜಾಗವನ್ನು ರಚಿಸುತ್ತಾರೆ, ಅದರೊಳಗೆ ಸ್ವರವನ್ನು ಇಡುತ್ತಾರೆ.

ಕೊರಟಗೆರೆ ತಾಲ್ಲೂಕಿನ ಗೊರವನಹಳ್ಳಿ ಮಹಾಲಕ್ಷ್ಮಿಯ ಕ್ಷೇತ್ರ. ಕಮಲಮ್ಮನವರ ದೀರ್ಘಕಾಲದ ಸೇವೆಯಿಂದ ನಾಡಿನಲ್ಲೆಲ್ಲ ಹೆಸರಾದ ಈ ದೇವಾಲಯಕ್ಕೆ ಶುಕ್ರವಾರಗಳಲ್ಲಿ, ಕಾರ್ತಿಕದ ದೀಪೋತ್ಸವದಲ್ಲಿ ಬರುವ ಜನ ಅಪಾರ. ಮಂಗಳಾರತಿಯ ಹೊತ್ತಿನಲ್ಲಿ ಭಕ್ತರ ಕಣ್ಣಿಗೆ ಒಂದೇ ದಿಕ್ಕು, ದೇವಿಯ ಮುಖ. ಕಿವಿಗೆ ಹಾಗಲ್ಲ. ಮುಂದೆ ಗಂಟೆ, ಪಕ್ಕದಲ್ಲಿ ಯಾರೋ ಹೇಳಿಕೊಳ್ಳುವ ಸ್ತೋತ್ರ, ಹಿಂದೆ ಸಾಲಿನಲ್ಲಿ ನಿಂತವರ ಮಾತು, ಮಗುವಿನ ಅಳು, ಮೇಲೆ ಚಾವಣಿಯಿಂದ ಮರಳುವ ಇವೆಲ್ಲದರ ಮೊತ್ತ. ಹೊರಗೆ ಬಂದು ತೀತಾ ಜಲಾಶಯದ ಕಡೆ ನಡೆದರೆ ಈ ದಟ್ಟಣೆ ಸಡಿಲವಾಗಿ, ನೀರಿನ ಮೇಲಿನ ಗಾಳಿಗೆ ಜಾಗ ಬಿಡುತ್ತದೆ. ಭಕ್ತಿಯ ಅನುಭವದಲ್ಲಿ ಕಣ್ಣು ಒಂದೆಡೆ ನೆಟ್ಟಿರುವುದೂ ಕಿವಿ ಎಲ್ಲೆಡೆ ತೆರೆದಿರುವುದೂ ಕೂಡಿಯೇ ಇರುತ್ತವೆ. ಈ ಅನುಭವವನ್ನು ಒಂದು ಮೈಕಿನಿಂದ ಮುದ್ರಿಸಿ ಎದುರಿನ ಸ್ಪೀಕರಿನಲ್ಲಿ ಹಾಕಿದರೆ ಗಂಟೆಯೂ ಮಂತ್ರವೂ ಸಿಗುತ್ತವೆ, ಅಲ್ಲಿ ನಿಂತಿದ್ದೆವು ಎಂಬುದು ಸಿಗುವುದಿಲ್ಲ.

ಈ ಸೀಮೆಯ ಜನಪದ ಸಂಗೀತದಲ್ಲಿ ಕೇಳುಗರ ಜಾಗ ಎಲ್ಲಿ ಎಂಬುದನ್ನು ನೋಡಿದರೆ ವಿಚಾರ ಇನ್ನಷ್ಟು ಸ್ಪಷ್ಟವಾಗುತ್ತದೆ. ಶಿರಾ, ಮಧುಗಿರಿ, ಪಾವಗಡದ ಗೊಲ್ಲರಹಟ್ಟಿಗಳಲ್ಲಿ ಕಾಡುಗೊಲ್ಲರು ತಮ್ಮ ಸಾಂಸ್ಕೃತಿಕ ವೀರ ಜುಂಜಪ್ಪನ ಕಾವ್ಯವನ್ನು ಹಾಡುತ್ತಾರೆ. ಶಿರಾ ತಾಲ್ಲೂಕಿನ ಜುಂಜಪ್ಪನ ಗುಡ್ಡೆ ಆ ವೀರನ ನೆಲೆ. ಹಾಡಿಗೆ ಜೊತೆಯಾಗುವುದು ಗಣೆ ಎಂಬ ಉದ್ದನೆಯ ಬಿದಿರ ಕೊಳಲು. ಪದದ ಒಂದು ಭಾಗ ಹಾಡುವುದು, ಮತ್ತೆ ಗಣೆಯನ್ನು ಊದುವುದು, ಮತ್ತೆ ಪದ, ಹೀಗೆ ರಾತ್ರಿ ಸರಿಯುತ್ತದೆ. ಗಣೆಯ ದನಿಯಲ್ಲಿ ಉಸಿರಿನ ಸದ್ದು ಸ್ವರದಷ್ಟೇ ಇರುತ್ತದೆ. ಅದು ಕಥೆಯನ್ನು ಮುಂದಕ್ಕೆ ತಳ್ಳುವುದಿಲ್ಲ, ಕಥೆ ನಡೆಯುವ ಹುಲ್ಲುಗಾವಲನ್ನೂ ದನಗಳ ಮಂದೆಯನ್ನೂ ಇರುಳನ್ನೂ ಕೇಳುಗರ ಸುತ್ತ ಹರಡುತ್ತದೆ. ಕೇಳುವವರು ಸುತ್ತ ಕೂತಿರುತ್ತಾರೆ, ಅವರ ನಡುವಿನಿಂದಲೇ ಹೂಂಗುಟ್ಟುವ ದನಿಗಳು ಏಳುತ್ತವೆ. ಪದಕ್ಕೆ ಎದುರು ಎಂಬುದಿದೆ, ಗಣೆಗೆ ಇಲ್ಲ. ವಾತಾವರಣವೇ ಕೃತಿಯ ಅರ್ಧ ಭಾಗವಾದ ಹಾಡು ಬೇಕೆಂದರೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ. ಆಂಬಿಯೆಂಟ್ ಪಾಪ್ ಹಾಡುಗಳಲ್ಲಿ ದನಿಗೂ ಸಿಂಥಸೈಜರಿಗೂ ಇರುವ ಸಂಬಂಧ ಪದಕ್ಕೂ ಗಣೆಗೂ ಇರುವ ಸಂಬಂಧವೇ.

ಮೆರವಣಿಗೆಯ ವಾದ್ಯಗಳದು ಇನ್ನೊಂದು ಬಗೆ. ಜಾತ್ರೆಯಲ್ಲಿ ತಮಟೆ, ಉರುಮೆ, ಅರೆವಾದ್ಯಗಳು ದೂರದಿಂದ ಬಂದು, ಹತ್ತಿರವಾಗಿ, ಸುತ್ತುವರಿದು, ದಾಟಿ ಹೋಗುತ್ತವೆ. ಗೊರವರ ಕುಣಿತದಲ್ಲಿ ಡಮರುಗವೂ ಪಿಳ್ಳಂಗೋವಿಯೂ ಕುಣಿಯುವವರ ಜೊತೆಗೇ ತಿರುಗುತ್ತವೆ. ನೋಡುವವರೂ ನಿಂತಲ್ಲಿ ನಿಲ್ಲುವುದಿಲ್ಲ. ಧ್ವನಿಯೂ ಕೇಳುಗರೂ ಚಲಿಸುವ ಈ ಸಂಗೀತವನ್ನು ಯಾವ ಹೋಮ್ ಥಿಯೇಟರೂ ಪೂರ್ತಿಯಾಗಿ ಹಿಡಿಯಲಾರದು. ಸರೌಂಡ್ ವ್ಯವಸ್ಥೆ ಧ್ವನಿಯನ್ನು ಓಡಾಡಿಸುತ್ತದೆ, ಕೇಳುಗರನ್ನು ಮಾತ್ರ ಒಂದೇ ಕುರ್ಚಿಗೆ ಕಟ್ಟಿಹಾಕುತ್ತದೆ.

ಎದುರಿನ ಸಂಗೀತ ಬೆಳೆದದ್ದು ರಂಗಮಂದಿರದ ಜೊತೆಗೆ. 1884ರಲ್ಲಿ ಇದೇ ಜಿಲ್ಲೆಯ ಗುಬ್ಬಿಯಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಸಂಘ ಕನ್ನಡಿಗರನ್ನು ಸಾಲು ಕುರ್ಚಿಗಳಲ್ಲಿ ಕೂರಿಸಿ, ಪರದೆಯತ್ತ ಮುಖ ಮಾಡಿಸಿ, ಕಾಲು ಹಾರ್ಮೋನಿಯಮ್ಮಿನ ರಂಗಗೀತೆಗಳನ್ನು ಕೇಳಿಸಿದ ಕಂಪನಿಗಳಲ್ಲಿ ಮುಂಚೂಣಿಯದು. ಸಭಾ ಕಚೇರಿಗಳು, ಗ್ರಾಮೊಫೋನು, ಆಕಾಶವಾಣಿ ಅದೇ ಪದ್ಧತಿಯನ್ನು ಗಟ್ಟಿ ಮಾಡಿದವು. ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ ಎಂದು ಹೆಸರಾದ, ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ 1978ರಲ್ಲಿ ಬಂದಾಗ, ಮನೆಮನೆಯ ಟೇಪ್ ರೆಕಾರ್ಡರು ಸಂಗೀತವನ್ನು ಒಂದು ಪೆಟ್ಟಿಗೆಯ ಅಳತೆಗೆ ತಂದಿತ್ತು. ಇದನ್ನು ನಷ್ಟ ಎಂದಷ್ಟೇ ಹೇಳಿದರೆ ತಪ್ಪಾಗುತ್ತದೆ. ಭಾವಗೀತೆಯ ಜೀವ ಅದರ ಮಾತು. ವಚನ, ತತ್ವಪದ, ದಾಸರ ಪದ ಎಲ್ಲವೂ ಹಾಗೆಯೇ. ಮಾತು ಎದುರಿನಿಂದ, ಸ್ಪಷ್ಟವಾಗಿ, ಒಬ್ಬರು ಇನ್ನೊಬ್ಬರಿಗೆ ಹೇಳುವ ಹಾಗೆ ಬರಬೇಕು. ಗಾಯಕ ಸಿ. ಅಶ್ವತ್ಥರ ದನಿಯನ್ನು ಕೋಣೆಯ ನಾಲ್ಕು ಮೂಲೆಗೆ ಹಂಚಿದರೆ ಅವರು ಹಾಡಿದ ಶಿಶುನಾಳ ಷರೀಫರ ಪದ ಚೂರಾಗುತ್ತದೆ. ಎದುರಿನ ಸಂಗೀತಕ್ಕೆ ತನ್ನ ಕಾರಣಗಳಿವೆ, ಅವು ಬಲವಾದವು. ಎಲ್ಲ ಸಂಗೀತಕ್ಕೂ ಅದೊಂದೇ ದಾರಿ ಎನ್ನುವುದಕ್ಕೆ ಮಾತ್ರ ಕಾರಣವಿಲ್ಲ.

ಇಲ್ಲಿ ತಂಬೂರಿಯನ್ನು ನೆನೆಯಬೇಕು. ಹಿಂದೂಸ್ತಾನಿ ಕಚೇರಿಯಲ್ಲಿ ಗಾಯಕರ ಹಿಂದೆ ಎಡಬಲಗಳಲ್ಲಿ ಎರಡು ತಂಬೂರಿಗಳು ನುಡಿಯುತ್ತವೆ. ಮಲ್ಲಿಕಾರ್ಜುನ ಮನ್ಸೂರರಾಗಲಿ ಭೀಮಸೇನ ಜೋಶಿಯವರಾಗಲಿ ಹಾಡಿದ್ದು ಆ ಶ್ರುತಿಯ ಒಳಗೆ ಕೂತು. ಸಭಿಕರಿಗೆ ಅದು ಎದುರಿನಿಂದ ಬರುವ ತೆಳುವಾದ ಹಿನ್ನೆಲೆ, ಗಾಯಕರಿಗೆ ಸುತ್ತ ಕವಿದ ಆವರಣ. ಒಂದೇ ಕಚೇರಿಯಲ್ಲಿ ಎರಡು ಬಗೆಯ ಕೇಳುವಿಕೆ ನಡೆಯುತ್ತದೆ ಎಂದಾಯಿತು. ಸರೌಂಡ್ ಧ್ವನಿಯ ಅತ್ಯುತ್ತಮ ಸಾಧ್ಯತೆ ಇಲ್ಲಿದೆ: ಕೇಳುಗರನ್ನು ಸಭೆಯ ಸಾಲಿನಿಂದ ಎಬ್ಬಿಸಿ ಗಾಯಕರ ಆಸನದ ಬಳಿಗೆ ಕರೆದೊಯ್ಯುವುದು.

ಹಾಗೆಂದು ಸುತ್ತಲಿನ ಧ್ವನಿ ತಾನಾಗಿ ಶ್ರೇಷ್ಠವಾಗುವುದಿಲ್ಲ. ವಿಜಯಪುರದ ಗೋಳಗುಮ್ಮಟದಲ್ಲಿ ಧ್ವನಿ ಕೇಳುಗರನ್ನು ಸುತ್ತುವರಿಯುವಷ್ಟು ಬೇರೆಲ್ಲೂ ಸುತ್ತುವರಿಯಲಾರದು. ಸಿ.ವಿ. ರಾಮನ್ 1920ರ ದಶಕದ ಆರಂಭದಲ್ಲಿ ಪಿಸುಮಾತಿನ ಗ್ಯಾಲರಿಗಳ ಬಗ್ಗೆ ಬರೆದಾಗ ಈ ಗುಮ್ಮಟವನ್ನೂ ಅಭ್ಯಾಸ ಮಾಡಿದ್ದರು. ಗ್ಯಾಲರಿಯ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದ್ದು ಆಚೆ ತುದಿಗೆ ಕೇಳುತ್ತದೆ, ಒಂದು ಚಪ್ಪಾಳೆ ಹಲವು ಚಪ್ಪಾಳೆಯಾಗಿ ಮರಳುತ್ತದೆ. ಅದೇ ಕಾರಣಕ್ಕೆ ಅಲ್ಲಿ ಹಾಡು ಹಾಡಿದರೆ ಒಂದು ಸಾಲಿನ ಮೇಲೆ ಇನ್ನೊಂದು ಸಾಲು ಬಿದ್ದು ಏನೂ ತಿಳಿಯದಾಗುತ್ತದೆ. ಜಾಗ ಸಂಗೀತವನ್ನು ನುಂಗಿಬಿಡುವುದೂ ಸಾಧ್ಯ.

ಸುತ್ತಲಿನ ಧ್ವನಿಯನ್ನು ತಂದ ಯಂತ್ರದ ಚರಿತ್ರೆಯನ್ನು ಚುಟುಕಾಗಿ ಹೇಳಿದರೆ ಸಾಕು. ಸ್ಟೀರಿಯೋಗೆ ತಳಹದಿ ಹಾಕಿದ ಪೇಟೆಂಟಿಗೆ ಇಂಗ್ಲೆಂಡಿನ ಅಲನ್ ಬ್ಲಮ್ಲೈನ್ ಅರ್ಜಿ ಹಾಕಿದ್ದು 1931ರಲ್ಲಿ. 1940ರಲ್ಲಿ ಡಿಸ್ನಿಯ ‘ಫ್ಯಾಂಟೇಸಿಯಾ’ ಚಿತ್ರ ಸುತ್ತಲಿನ ಸ್ಪೀಕರುಗಳನ್ನು ಬಳಸಿತು, ವೆಚ್ಚ ವಿಪರೀತವಾದ್ದರಿಂದ ಕೆಲವೇ ಥಿಯೇಟರುಗಳಿಗೆ ಅದು ತಲುಪಿತು. 1970ರ ದಶಕದಲ್ಲಿ ನಾಲ್ಕು ಸ್ಪೀಕರಿನ ಕ್ವಾಡ್ರಾಫೋನಿಕ್ ರೆಕಾರ್ಡುಗಳು ಮನೆಗೆ ಬಂದವು. ಒಂದು ಕಂಪನಿಯ ರೆಕಾರ್ಡು ಇನ್ನೊಂದು ಕಂಪನಿಯ ಯಂತ್ರದಲ್ಲಿ ಸರಿಯಾಗಿ ನುಡಿಯುತ್ತಿರಲಿಲ್ಲ. ಕೊಳ್ಳುವವರು ಬೇಸತ್ತರು, ದಶಕ ಮುಗಿಯುವ ಮೊದಲೇ ಅದು ಅಂಗಡಿಗಳಿಂದ ಕಣ್ಮರೆಯಾಯಿತು. ಮುಂದೆ ಸಿನಿಮಾ ಈ ಕೆಲಸವನ್ನು ಕೈಗೆತ್ತಿಕೊಂಡಿತು. 1992ರಲ್ಲಿ ಡಾಲ್ಬಿ ಡಿಜಿಟಲ್ 5.1, 1993ರಲ್ಲಿ ಡಿಟಿಎಸ್, 2012ರಲ್ಲಿ ಡಾಲ್ಬಿ ಅಟ್ಮಾಸ್ ಬಂದವು. ಸಂಗೀತಕ್ಕೆಂದೇ ಬಂದ ಎಸ್‌ಎಸಿಡಿ ಮತ್ತು ಡಿವಿಡಿ-ಆಡಿಯೊ ತಟ್ಟೆಗಳು ಆಸಕ್ತರ ಸಣ್ಣ ಬಳಗದಲ್ಲೇ ಉಳಿದವು. ಹಾಗಿದ್ದೂ ವಾತಾವರಣವನ್ನು ನಂಬಿದ ಸಂಗೀತಗಾರರು ಈ ದಾರಿ ಬಿಡಲಿಲ್ಲ. ಐಸ್‌ಲ್ಯಾಂಡಿನ ಬ್ಯೋರ್ಕ್ 2006ರಲ್ಲಿ ತಮ್ಮ ಆಲ್ಬಮ್ಮುಗಳ 5.1 ಮಿಶ್ರಣಗಳನ್ನು ಒಂದೇ ಪೆಟ್ಟಿಗೆಯಲ್ಲಿ ತಂದರು. 2021ರ ಜೂನ್‌ನಲ್ಲಿ ಆಪಲ್ ಮ್ಯೂಸಿಕ್ ಅಟ್ಮಾಸ್ ಸಂಗೀತವನ್ನು ಫೋನಿಗೆ ತಂದ ಮೇಲೆ ಸರೌಂಡ್ ಆಲ್ಬಮ್ ಮತ್ತೆ ಸಾಮಾನ್ಯರ ಕೈಗೆಟುಕಿತು.

ಅಟ್ಮಾಸ್ ತಂದ ಬದಲಾವಣೆ ಸ್ಪೀಕರುಗಳ ಸಂಖ್ಯೆಗಿಂತ ದೊಡ್ಡದು. ಹಿಂದಿನ ವ್ಯವಸ್ಥೆಗಳಲ್ಲಿ ಇಂಥ ಧ್ವನಿ ಇಂಥ ಸ್ಪೀಕರಿಗೆ ಎಂದು ಬರೆಯುತ್ತಿದ್ದರು. ಅಟ್ಮಾಸ್‌ನಲ್ಲಿ ಇಂಥ ಧ್ವನಿ ಜಾಗದ ಇಂಥ ಬಿಂದುವಿನಲ್ಲಿ ಎಂದೂ ಬರೆಯಬಹುದು. ಅಲ್ಲಿರುವ ಸ್ಪೀಕರುಗಳನ್ನು ನೋಡಿಕೊಂಡು ಅದನ್ನು ಹಂಚುವ ಕೆಲಸ ಯಂತ್ರದ್ದು. ಚಿತ್ರಮಂದಿರದಲ್ಲಿ ಏಕಕಾಲಕ್ಕೆ 128 ಧ್ವನಿಪಥಗಳನ್ನು 64 ಪ್ರತ್ಯೇಕ ಸ್ಪೀಕರು ಹಾದಿಗಳವರೆಗೆ ಅದು ಕಳಿಸಬಲ್ಲದು. ರಚನಕಾರರು ಇದರಿಂದ ನೇರವಾಗಿ ಜಾಗದಲ್ಲೇ ಯೋಚಿಸಲು ಸಾಧ್ಯವಾಯಿತು.

ಆಂಬಿಯೆಂಟ್ ಸಂಗೀತದ ಕಡೆಯಿಂದ ಇದೇ ಯೋಚನೆ ಬಹಳ ಮೊದಲೇ ಹೊರಟಿತ್ತು. 1917ರ ಹೊತ್ತಿಗೇ ಫ್ರಾನ್ಸಿನ ಎರಿಕ್ ಸಾಟಿ, ಕೋಣೆಯ ಪೀಠೋಪಕರಣದ ಹಾಗೆ ಸುಮ್ಮನೆ ಇರುವ ಸಂಗೀತವನ್ನು ಬರೆದರು. 1978ರಲ್ಲಿ ಬ್ರಯನ್ ಈನೊ ‘ಮ್ಯೂಸಿಕ್ ಫಾರ್ ಏರ್‌ಪೋರ್ಟ್ಸ್’ ಆಲ್ಬಮ್ಮಿನಲ್ಲಿ ಬೇರೆ ಬೇರೆ ಉದ್ದದ ಟೇಪ್ ಕುಣಿಕೆಗಳನ್ನು ಒಟ್ಟಿಗೆ ಓಡಿಸಿ, ಗಮನವಿಟ್ಟರೂ ಬಿಟ್ಟರೂ ನಡೆಯುವ ಸಂಗೀತವನ್ನು ರಚಿಸಿದರು. ಅವರ 1982ರ ‘ಆನ್ ಲ್ಯಾಂಡ್’ ಆಲ್ಬಮ್ಮಿನ ಹೊದಿಕೆಯ ಮೇಲೆ ಒಂದು ಸರಳ ನಕ್ಷೆಯಿತ್ತು. ಎಂದಿನ ಎರಡು ಸ್ಪೀಕರುಗಳ ಜೊತೆಗೆ ಮೂರನೆಯದನ್ನು ಕೇಳುಗರ ಹಿಂದೆ ಇಟ್ಟು, ಅದನ್ನು ಆಂಪ್ಲಿಫೈಯರಿನ ಎಡಬಲಗಳ ಎರಡು ಧನ ತುದಿಗಳಿಗೆ ಜೋಡಿಸುವುದು. ಎಡಬಲಗಳಲ್ಲಿ ಸಮನಾಗಿರುವ ಧ್ವನಿ, ಅಂದರೆ ನಡುವೆ ನಿಂತು ಹಾಡುವ ದನಿ, ಮೂರನೆಯ ಸ್ಪೀಕರಿನಲ್ಲಿ ಅಳಿಸಿಹೋಗುತ್ತದೆ. ಎರಡರ ವ್ಯತ್ಯಾಸ, ಅಂದರೆ ಮಾರ್ದನಿ, ಹರಡಿಕೆ, ಅಂಚಿನ ಸದ್ದುಗಳು ಮಾತ್ರ ಹಿಂದಿನಿಂದ ಕೇಳುತ್ತವೆ. ಈಗಿನ ಕೆಲವು ಆಂಪ್ಲಿಫೈಯರುಗಳಿಗೆ ಈ ಜೋಡಣೆ ಹಾನಿ ಮಾಡಬಲ್ಲದು, ತಿಳಿದವರನ್ನು ಕೇಳದೆ ಮಾಡಬಾರದು. ಆದರೂ ಅದರಲ್ಲಿ ಅಡಗಿರುವ ತಿಳಿವು ದೊಡ್ಡದು. ಕಿವಿಯ ರಚನೆ ಹೇಳುವ ಸೂತ್ರವನ್ನೇ ಒಂದು ತಂತಿ ಪಾಲಿಸುತ್ತದೆ: ದನಿ ಎದುರಿಗೆ, ವಾತಾವರಣ ಸುತ್ತಲಿಗೆ.

ಕರ್ನಾಟಕದ ಮಟ್ಟಿಗೆ ಈ ವಿಚಾರದಲ್ಲಿ ಮೊದಲು ಎತ್ತಬೇಕಾದ ಹೆಸರು ‘ಡಿವೈನ್ ಟೈಡ್ಸ್’. ಬೆಂಗಳೂರಿನ ರಿಕಿ ಕೇಜ್ ಮತ್ತು ‘ದಿ ಪೊಲೀಸ್’ ತಂಡದ ಡ್ರಮ್ಮರ್ ಸ್ಟುವರ್ಟ್ ಕೋಪ್‌ಲ್ಯಾಂಡ್ ಕೂಡಿ ರಚಿಸಿದ ಈ ಒಂಬತ್ತು ಹಾಡುಗಳ ಆಲ್ಬಮ್ 2021ರ ಜುಲೈಯಲ್ಲಿ ಹೊರಬಂತು. ಅಂಗಡಿಯವರ ವರ್ಗೀಕರಣದಲ್ಲಿ ಅದು ನ್ಯೂ ಏಜ್. ನಿಧಾನ ಗತಿ, ಪದರ ಪದರವಾದ ಹಿನ್ನೆಲೆ, ಪ್ರಕೃತಿಯ ವಸ್ತು ಇವುಗಳಿಂದ ಆಂಬಿಯೆಂಟ್ ಪಾಪ್‌ಗೆ ಹತ್ತಿರದ ಬಂಧು. 2022ರ ಏಪ್ರಿಲ್‌ನಲ್ಲಿ ಅದಕ್ಕೆ ಅತ್ಯುತ್ತಮ ನ್ಯೂ ಏಜ್ ಆಲ್ಬಮ್‌ನ ಗ್ರ್ಯಾಮಿ ಬಂತು. 2023ರ ಫೆಬ್ರವರಿಯಲ್ಲಿ ಅದೇ ಕೃತಿಯ ಸರೌಂಡ್ ಮಿಶ್ರಣಕ್ಕೆ ಅತ್ಯುತ್ತಮ ಇಮ್ಮರ್ಸಿವ್ ಆಡಿಯೊ ಆಲ್ಬಮ್‌ನ ಗ್ರ್ಯಾಮಿ ಬಂತು. ಮಿಶ್ರಣ ಮಾಡಿದವರು ಎರಿಕ್ ಶಿಲ್ಲಿಂಗ್, ನಿರ್ಮಾಪಕರಾಗಿ ಇಬ್ಬರು ರಚನಕಾರರ ಜೊತೆಗಿದ್ದವರು ಹರ್ಬರ್ಟ್ ವಾಲ್ಟ್ಲ್. ಈ ಬಹುಮಾನ 2005ರಿಂದಲೂ ಇದ್ದದ್ದೇ, ಮೊದಲು ಅದರ ಹೆಸರು ಸರೌಂಡ್ ಸೌಂಡ್ ಆಲ್ಬಮ್ ಎಂದಿತ್ತು. ಸ್ವರಗಳು ಬದಲಾಗಿರಲಿಲ್ಲ, ಹಾಡುಗಳು ಬದಲಾಗಿರಲಿಲ್ಲ. ಎರಡನೆಯ ಬಾರಿ ಗೌರವ ಸಂದದ್ದು ಆ ಸ್ವರಗಳು ನೆಲೆಸಿದ ಜಾಗಕ್ಕೆ. ಧ್ವನಿಯ ಜಾಗವನ್ನು ರಚಿಸುವುದು ಸ್ವರ ರಚನೆಯ ಪಕ್ಕದಲ್ಲಿ ನಿಲ್ಲುವ ಬೇರೊಂದು ಕಲೆ ಎಂಬುದಕ್ಕೆ ಇದು ಒಳ್ಳೆಯ ಸಾಕ್ಷಿ.

ಮನೆಯಲ್ಲಿ ಇಂಥ ಆಲ್ಬಮ್ ಕೇಳುವಾಗ ಗಮನಿಸಬೇಕಾದ ಸಂಗತಿಗಳು ಹೆಚ್ಚಿಲ್ಲ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸಿನಂತೆ ಮಧ್ಯದ ಸ್ಪೀಕರು ನೇರ ಎದುರಿಗೆ, ಎಡಬಲದವು 30 ಡಿಗ್ರಿಯಲ್ಲಿ, ಹಿಂದಿನವು 100ರಿಂದ 120 ಡಿಗ್ರಿಯ ನಡುವೆ, ಎಲ್ಲವೂ ಕೇಳುಗರಿಂದ ಸಮದೂರದಲ್ಲಿ ಇರಬೇಕು. ಹಿಂದಿನ ಸ್ಪೀಕರುಗಳು ಅಲ್ಲಿವೆ ಎಂದು ಗೊತ್ತಾಗುವಷ್ಟು ಜೋರಾಗಿದ್ದರೆ ಅದು ಅತಿಯಾಯಿತು, ನಿಲ್ಲಿಸಿದಾಗ ಮಾತ್ರ ಕೊರತೆ ಕಾಣುವ ಮಟ್ಟ ಸರಿಯಾದದ್ದು. ಕಷ್ಟ ಕೊಡುವುದು ಯಂತ್ರಕ್ಕಿಂತ ಕೋಣೆ. ಆರ್‌ಸಿಸಿ ಚಾವಣಿ, ಗ್ರಾನೈಟ್ ನೆಲ, ಬರಿಯ ಗೋಡೆಗಳ ಈಗಿನ ಮನೆಯಲ್ಲಿ ಪ್ರತಿ ಮೈಯೂ ಧ್ವನಿಯನ್ನು ಮರಳಿಸಿ, ಆಲ್ಬಮ್ಮಿನಲ್ಲಿ ರಚಿತವಾದ ಜಾಗದ ಮೇಲೆ ಮನೆಯ ಜಾಗವನ್ನು ಹೇರುತ್ತದೆ. ದಪ್ಪ ಪರದೆ, ಜಮಖಾನ, ಪುಸ್ತಕದ ಕಪಾಟು ದುಬಾರಿ ಸ್ಪೀಕರಿಗಿಂತ ಹೆಚ್ಚು ಕೆಲಸ ಮಾಡುತ್ತವೆ. ಹೆಡ್‌ಫೋನಿನಲ್ಲಿ ಕೇಳುವ ಸರೌಂಡ್ ಒಂದು ಸಾಮಾನ್ಯ ಕಿವಿಯ ಅಳತೆಗೆ ಲೆಕ್ಕ ಹಾಕಿದ್ದು. ಅಗ್ಗ, ಸುಲಭ, ಆದರೆ ಹಾಲೆಯ ಆಕಾರ ಒಬ್ಬೊಬ್ಬರದು ಒಂದೊಂದು ಬಗೆಯಾದ್ದರಿಂದ ಕೆಲವರಿಗೆ ಮುಂದಿನ ದನಿ ತಲೆಯೊಳಗೇ ಉಳಿದುಬಿಡುತ್ತದೆ.

ಸರೌಂಡ್ ಬಗ್ಗೆ ಇರುವ ಆಕ್ಷೇಪಗಳಲ್ಲಿ ಎರಡನ್ನು ಗಂಭೀರವಾಗಿ ಪರಿಗಣಿಸಬೇಕು. ಮೊದಲನೆಯದು, ಸ್ಟೀರಿಯೋಗೆಂದು ರಚಿಸಿದ ಹಳೆಯ ಕೃತಿಗಳನ್ನು ಮತ್ತೆ ಬಿಚ್ಚಿ ಸುತ್ತಲೂ ಹರಡುವುದು ಕೃತಿಕಾರರ ಆಶಯಕ್ಕೆ ಅಪಚಾರ ಎಂಬುದು. ದನಿಯೂ ಮಾತೂ ಮುಖ್ಯವಾದ ಕೃತಿಗಳ ಮಟ್ಟಿಗೆ ಈ ಆಕ್ಷೇಪ ಸರಿ. ವಾತಾವರಣದ ಕೃತಿಗಳ ಮಟ್ಟಿಗೆ ಅದು ನಿಲ್ಲುವುದಿಲ್ಲ, ಏಕೆಂದರೆ ಅಂಥ ರಚನಕಾರರು ಸ್ಟೀರಿಯೋದಲ್ಲೂ ಹುಡುಕುತ್ತಿದ್ದದ್ದು ಸುತ್ತಲಿನ ಜಾಗವನ್ನೇ. ಈನೊ ಅವರ ನಕ್ಷೆ ಆ ಹುಡುಕಾಟದ ಗುರುತು. ಎರಡನೆಯ ಆಕ್ಷೇಪ ಇನ್ನೂ ಆಳವಾದದ್ದು. ಸರೌಂಡ್ ವ್ಯವಸ್ಥೆಯಲ್ಲಿ ಸರಿಯಾದ ಜಾಗ ಒಂದೇ ಕುರ್ಚಿ, ಆದ್ದರಿಂದ ಅದು ಕೇಳುಗರನ್ನು ಒಂಟಿ ಮಾಡುತ್ತದೆ. ಗೊಲ್ಲರಹಟ್ಟಿಯಲ್ಲಿ ಸುತ್ತಲಿನ ಧ್ವನಿಯ ಒಂದು ಭಾಗ ಪಕ್ಕದಲ್ಲಿ ಕೂತವರ ಉಸಿರು. ಕೋಣೆಯಲ್ಲಿ ಆ ಜನ ಇಲ್ಲ. ಈ ಕೊರತೆ ನಿಜ, ಯಾವ ತಂತ್ರಜ್ಞಾನವೂ ಅದನ್ನು ತುಂಬಿಕೊಡದು. ಅಮೆರಿಕದ ‘ಫ್ಲೇಮಿಂಗ್ ಲಿಪ್ಸ್’ ತಂಡ 1997ರಲ್ಲಿ ‘ಜೈರೀಕಾ’ ಆಲ್ಬಮನ್ನು ನಾಲ್ಕು ಸಿಡಿಗಳಲ್ಲಿ ತಂದು, ನಾಲ್ಕನ್ನೂ ನಾಲ್ಕು ಯಂತ್ರಗಳಲ್ಲಿ ಒಟ್ಟಿಗೆ ಹಾಕಿದರೆ ಮಾತ್ರ ಕೃತಿ ಪೂರ್ಣವಾಗುವಂತೆ ಮಾಡಿತು. ಅದನ್ನು ಕೇಳಲು ಗೆಳೆಯರನ್ನು ಕರೆಯಲೇಬೇಕಾಗಿತ್ತು. ಸುತ್ತಲಿನ ಸಂಗೀತ ಕೂಡಿ ಕೇಳುವ ಸಂಗೀತವೂ ಆಗಬಹುದು ಎಂಬುದಕ್ಕೆ ಅದೊಂದು ದಾರಿ.

ಸುತ್ತಲಿನ ಧ್ವನಿಯನ್ನೂ ಜೋರಾದ ಧ್ವನಿಯನ್ನೂ ಒಂದೇ ಎಂದು ತಿಳಿಯುವ ಅಭ್ಯಾಸ ಊರೂರಲ್ಲಿದೆ. ಕಂಬದ ಮೇಲೆ ನಾಲ್ಕು ದಿಕ್ಕಿಗೆ ಕಟ್ಟಿದ ಧ್ವನಿವರ್ಧಕದ ಕಹಳೆಗಳು ಸರೌಂಡ್‌ಗೆ ತದ್ವಿರುದ್ಧ. ಅವು ಒಂದೇ ಧ್ವನಿಯನ್ನು ಒಂದು ಬಿಂದುವಿನಿಂದ ಹೊರಕ್ಕೆ ಎಸೆದು, ಊರಿನ ಉಳಿದ ಎಲ್ಲ ಧ್ವನಿಗಳನ್ನೂ ಮುಚ್ಚುತ್ತವೆ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ ಹಾಕಿ, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗಿನ ಹೊತ್ತನ್ನು ರಾತ್ರಿ ಎಂದು ಕರೆದದ್ದು ಆರೋಗ್ಯದ ದೃಷ್ಟಿಯಿಂದ. ಸಂಗೀತದ ದೃಷ್ಟಿಯಿಂದಲೂ ಅವು ಬೇಕು. ನಿಶ್ಶಬ್ದ ಉಳಿಯದ ಊರಿನಲ್ಲಿ ವಾತಾವರಣ ಎಂಬುದೇ ಉಳಿಯುವುದಿಲ್ಲ, ಗಣೆಯ ಉಸಿರು ಮೊದಲು ಸಾಯುತ್ತದೆ.

ಕನ್ನಡದಲ್ಲಿ ಈಗ ಆಗಬೇಕಾದ ಕೆಲಸ ಸ್ಪಷ್ಟವಾಗಿದೆ. 1970ರ ದಶಕದಲ್ಲಿ ಬ್ರಿಟನ್ನಿನ ಮೈಕೆಲ್ ಗರ್ಜನ್ ಮತ್ತು ಸಂಗಡಿಗರು ಬೆಳೆಸಿದ ಆಂಬಿಸೋನಿಕ್ ವಿಧಾನದಲ್ಲಿ, ಒಟ್ಟಿಗೆ ಜೋಡಿಸಿದ ನಾಲ್ಕು ಸಣ್ಣ ಮೈಕುಗಳು ಒಂದು ಜಾಗದ ಎಲ್ಲ ದಿಕ್ಕಿನ ಧ್ವನಿಯನ್ನೂ ಹಿಡಿಯುತ್ತವೆ. ಅಂಥ ಮೈಕು, ಅದನ್ನು ಮುದ್ರಿಸುವ ಯಂತ್ರ ಇಂದು ಒಂದು ಚೀಲದಲ್ಲಿ ಹಿಡಿಯುತ್ತವೆ. ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ, ತುಮಕೂರು ವಿಶ್ವವಿದ್ಯಾನಿಲಯ, ಜಾನಪದ ಅಕಾಡೆಮಿ ಈ ಚೀಲವನ್ನು ಹೊತ್ತು ಶಿರಾ, ಪಾವಗಡದ ಹಟ್ಟಿಗಳಿಗೆ ಹೋಗಬೇಕು. ಹಾಡಿನ ಪಠ್ಯವನ್ನು ಬರೆದುಕೊಳ್ಳುವುದರ ಜೊತೆಗೆ ಹಾಡು ನಡೆಯುವ ಇರುಳನ್ನೂ ಮುದ್ರಿಸಬೇಕು. ಬೆಂಗಳೂರಿನ ಯುವ ಸಂಗೀತಗಾರರು ತಮ್ಮ ವಾತಾವರಣವನ್ನು ಹೊರದೇಶದ ಸದ್ದಿನ ಭಂಡಾರಗಳಿಂದ ಕೊಳ್ಳುವ ಬದಲು, ಮೈದನಹಳ್ಳಿಯ ಬಯಲಿನಲ್ಲಿ, ಗೊರವನಹಳ್ಳಿಯ ದೀಪೋತ್ಸವದಲ್ಲಿ, ತೀತಾ ಜಲಾಶಯದ ದಡದಲ್ಲಿ ಮೈಕು ಹಿಡಿದು ನಿಲ್ಲಲಿ. ಗಣೆ ಊದುವವರಿಗೆ ಸರಿಯಾದ ಸಂಭಾವನೆ ಕೊಟ್ಟು, ಅವರ ಹೆಸರನ್ನು ಆಲ್ಬಮ್ಮಿನ ಮೇಲೆ ಮೊದಲಿಗೆ ಹಾಕಲಿ.